ಮನೆ ಕಂಡ ಎತ್ತು

“ಮಾಸ್ತರ, ಮೈನರ್ ಸ್ವರಶ್ರೇಣಿ ಮೂರು ಅದಾವಲ್ರಿ, ಅದರಾಗ ಖರೇದು ಯಾವುದು?”

ಕೇಳಿದವನು ಜಯಕರ. ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸುವವನು, ಸಂಜೆ ಎಫ್ರಾಯಿಮ್ ಮಾಸ್ತರ ಹತ್ತಿರ ಪಿಟೀಲು ಕಲಿಯುವವನು. ಆ ದಿನವೂ ತಡವಾಗಿಯೇ ಬಂದಿದ್ದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಹೊರಡುವಾಗ ಸಲೀಸಾಗಲಿ ಎಂದು ಬಗ್ಗಿ ಅವುಗಳನ್ನು ಬೀದಿಯ ಕಡೆಗೆ ತಿರುಗಿಸಿಟ್ಟು, ಒಳಗೆ ಬಂದು ಚಾಪೆಯ ತುದಿಯಲ್ಲಿ ಕೂತಿದ್ದ.

ಬರುವ ಭಾನುವಾರ ಊರಿನ ಚರ್ಚಿನಲ್ಲಿ, ಇಡೀ ಸಭೆಯ ಮುಂದೆ, ಅವನು ಮೊದಲ ಸಲ ಮೈನರ್ ಸ್ವರಶ್ರೇಣಿಯ ಒಂದು ಕೀರ್ತನೆ ನುಡಿಸಬೇಕಾಗಿತ್ತು. ಅವನ ತಾಯಿ ಆಗಲೇ ನೆಂಟರಿಗೆಲ್ಲ ಹೇಳಿಬಿಟ್ಟಿದ್ದಳು. ಆದರೆ ಮಾಸ್ತರು ಇನ್ನೂ ಹೂಂ ಅಂದಿರಲಿಲ್ಲ. ಸ್ವರ ಒಂದೂ ತಪ್ಪಿಲ್ಲ, ಆದರೆ ನಿನ್ನ ಹಾಡು ಮನೆ ಮುಟ್ಟುವುದಿಲ್ಲ ಎಂದು ದಿನಾ ಅದನ್ನೇ ಹೇಳುತ್ತಿದ್ದರು. ತಪ್ಪು ತನ್ನದಲ್ಲ, ಸ್ವರಶ್ರೇಣಿಯದೇ ಇರಬೇಕು ಎಂದು ಜಯಕರನಿಗೆ ಗುಮಾನಿ ಬಂದಿತ್ತು.

ಮಾಸ್ತರು ಕನ್ನಡಕವನ್ನು ಹಣೆಗೇರಿಸಿದರು. “ಮೂರೂ ಖರೇವ. ಯಾಕ?”

“ಅದು ಹೆಂಗ ಆಗ್ತದ್ರಿ? ಸ ದಿಂದ ಪ ತನಕ ಮೂರರದೂ ಒಂದೇ ದಾರಿ. ಅದಕ್ಕ ನನ್ನ ತಕರಾರಿಲ್ಲ. ತಕರಾರು ಇರೋದು ಕಡೀ ಎರಡು ಸ್ವರದ ಮ್ಯಾಲೆ, ಧ ಮತ್ತ ನಿ. ನ್ಯಾಚುರಲ್ ಮೈನರಿನಾಗ ಎರಡೂ ಕೋಮಲ, ತಗ್ಗಿ ನಿಂತಾವು. ಹಾರ್ಮೋನಿಕ್ ಮೈನರಿನಾಗ ನಿ ಒಂದನ್ನೇ ಏರಿಸ್ತಾರ. ಮೆಲೋಡಿಕ್ ಅಂತೂ ಕೇಳಬ್ಯಾಡ್ರಿ. ಹತ್ತುವಾಗ ಎರಡೂ ಏರಿಸ್ತಾರ, ಇಳಿಯುವಾಗ ಏನೂ ಆಗೇ ಇಲ್ಲ ಅನ್ನೂವಂಗ ಎರಡೂ ತಗ್ಗಿಸ್ತಾರ. ಹತ್ತುವಾಗ ಒಂದು ಮಾತು, ಇಳಿಯುವಾಗ ಒಂದು ಮಾತು. ಇದಕ್ಕ ನಿಯತ್ತು ಬ್ಯಾಡೇನ್ರಿ? ನಮ್ಮ ಸಾಲ್ಯಾಗ ಯಾವನರ ಹಿಂಗ ಲೆಕ್ಕಾ ಮಾಡಿದ್ರ ಸೊನ್ನಿ ಹಾಕತೀನಿ.”

“ಸೊನ್ನಿ ಹಾಕಾಂವ ಬಂದಾ! ಮೊದಲು ಆ ಕಮಾನು ಕೆಳಗಿಡು. ಮಾತಿನ ಭರದಾಗ ನನ್ನ ಕಣ್ಣು ತಿವಿದೀ.”

ಎಫ್ರಾಯಿಮ್ ಮಾಸ್ತರದು ಒಂದು ರೂಢಿ. ಬಯ್ಯುವುದೆಲ್ಲ ಊರ ಮಾತಿನಲ್ಲಿ, ಕತೆ ಹೇಳುವುದು ಮಾತ್ರ ಪುಸ್ತಕದ ಕನ್ನಡದಲ್ಲಿ. ಜಯಕರ ಕಮಾನು ಕೆಳಗಿಟ್ಟ. ಮಾಸ್ತರು ಗಂಟಲು ಸರಿಮಾಡಿಕೊಂಡು ಪುಸ್ತಕದ ಕನ್ನಡಕ್ಕೆ ಬಂದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುವುದು ಅವನ ಕಸುಬು. ಮಲಾರ ಎಂದರೆ ದಾರಕ್ಕೆ ಪೋಣಿಸಿದ ಬಳೆಗಳ ಹೊರೆ. ಎತ್ತಿದವರಿಗೇ ಗೊತ್ತು ಅದರ ಭಾರ. ಆ ಸೀಮೆಯಲ್ಲಿ ಮದುಮಗಳಿಗೆ ಅರಿಶಿನ ಹಚ್ಚುವ ಮೊದಲು ಹಸಿರು ಬಳೆ ತೊಡಿಸಬೇಕು. ಬಳೆ ಬರುವ ತನಕ ಅರಿಶಿನವಿಲ್ಲ, ಅರಿಶಿನವಾಗದೆ ಮುಂದಿನದು ಯಾವುದೂ ಇಲ್ಲ. ಹೀಗಾಗಿ ಬಳೆಗಾರನಿಗೆ ಎಲ್ಲ ಮದುವೆ ಮನೆಗಳಲ್ಲೂ ಮಣೆ ಇತ್ತು, ಮರ್ಯಾದೆ ಇತ್ತು, ಹೋಳಿಗೆ ಇತ್ತು. ಅವನು ತೊಡಿಸಿದರೆ ಮದುಮಗಳ ಕೈ ನೋಯುವುದಿಲ್ಲ ಎಂಬ ಹೆಸರೂ ಇತ್ತು.

ವಯಸ್ಸಾಯಿತು. ಮೊಣಕಾಲು ಹಿಡಿದುಕೊಂಡವು. ಇನ್ನು ಹೊರುವುದು ಸಾಧ್ಯವಿಲ್ಲ, ಒಂಟೆತ್ತಿನ ಬಂಡಿ ಮಾಡಬೇಕು, ಇಲ್ಲವಾದರೆ ಕಸುಬು ಬಿಡಬೇಕು ಎಂಬ ಹಂತಕ್ಕೆ ಬಂತು. ಬಂಡಿ ಸಿಕ್ಕಿತು. ಎತ್ತು ಬೇಕಾಯಿತು. ಪಕ್ಕದ ಊರಿನ ಒಬ್ಬ ರೈತನ ಹತ್ತಿರ ಮಾರುವ ಎತ್ತಿದೆ ಎಂದು ಕೇಳಿ ಅಲ್ಲಿಗೆ ಹೋದ.

ಬಳೆಗಾರ ಎಚ್ಚರದ ಮನುಷ್ಯ. ಗಾಜಿನ ವ್ಯಾಪಾರ ಮಾಡುವವನು ಹಾಗಿರಲೇಬೇಕು. ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಿದ. ಹಣೆಯ ಸುಳಿ ನೋಡಿದ, ಬೆನ್ನಿನ ಸುಳಿ ನೋಡಿದ. ಬಾಲ ಎತ್ತಿ, ಅಲ್ಲೇನಾದರೂ ಕೆಟ್ಟ ಸುಳಿ ಅಡಗಿ ಕೂತಿದೆಯೋ ಎಂದು ಮೂಗು ಹತ್ತಿರ ಒಯ್ದು ನೋಡಿದ. ಎತ್ತು ಬಾಲದಿಂದ ಅವನ ಕೆನ್ನೆಗೆ ಬಾರಿಸಿತು. ಸುಳಿಗಳೆಲ್ಲ ಶುಭವಾಗಿದ್ದವು. ಇಬ್ಬರೂ ಟವೆಲ್ಲಿನ ಅಡಿಯಲ್ಲಿ ಕೈ ಸೇರಿಸಿ, ಬೆರಳು ಹಿಡಿದು, ಯಾರಿಗೂ ಕಾಣದ ಹಾಗೆ ಬೆಲೆ ಕುದುರಿಸಿದರು. ಅಲ್ಲಿ ನೋಡುವವರು ಯಾರೂ ಇರಲಿಲ್ಲ, ಆದರೂ ಪದ್ಧತಿ ಪದ್ಧತಿಯೇ. ಕೊನೆಗೆ ಬಳೆಗಾರ, ‘ನಡಿಗಿ ಒಂದು ನೋಡಬೇಕಲ್ಲ’ ಅಂದ.

‘ಧಾರಾಳ ನೋಡ್ರಿ’ ಅಂದ ರೈತ. ‘ನೀವು ಇಲ್ಲೇ ನಮ್ಮ ಕಟ್ಟೀ ಮ್ಯಾಲೆ ಚಾ ಕುಡಕೋತ ಕೂಡ್ರಿ. ನಾ ಇದನ್ನ ಹೊಲದ ತನಕ ಒಯ್ದು ಹೊಡಕೊಂಡು ಬರ್ತೀನಿ.’

ಎತ್ತು ಬಂದಿತು. ಏನು ಬರುವುದು ಅದು! ಕಿವಿ ನಿಮಿರಿಸಿ, ಬಾಲ ಎತ್ತಿ, ಮದುವಣಿಗನ ಹಾಗೆ ಬಂದಿತು. ರೈತ ಏದುಸಿರು ಬಿಡುತ್ತ ಹಿಂದೆ ಓಡಿ ಬರುತ್ತಿದ್ದ. ‘ಅಬ್ಬಬ್ಬಾ’ ಎಂದು ಬಳೆಗಾರ ಚಹಾ ಅರ್ಧಕ್ಕೇ ಬಿಟ್ಟು ವ್ಯಾಪಾರ ಮುಗಿಸಿದ. ಹಲ್ಲು ನೋಡಿದ, ಸುಳಿ ನೋಡಿದ, ನಡಿಗೆಯನ್ನೂ ನೋಡಿದ ಪುಣ್ಯಾತ್ಮ. ನಡೆಯುವಾಗ ಎತ್ತು ಯಾವ ಕಡೆಗೆ ಮುಖ ಮಾಡಿತ್ತು ಎಂಬುದೊಂದನ್ನು ಮಾತ್ರ ನೋಡಲಿಲ್ಲ.

ಮನೆಯಲ್ಲಿ ಹೆಂಡತಿ ಎತ್ತಿಗೆ ಆರತಿ ಎತ್ತಿದಳು. ಹಿಂಡಿ ಕಲಸಿ ಗೋದಲಿಗೆ ಹಾಕಿದಳು. ಕೊರಳು ಕೆರೆದಳು. ಮಕ್ಕಳಿಲ್ಲದ ಮನೆ, ಪ್ರೀತಿಗೆ ಬರವಿರಲಿಲ್ಲ. ಎತ್ತು ಬೇಗನೆ ಹಳೆಯ ಮನೆಯನ್ನು ಮರೆಯಿತು. ಬಳೆಗಾರನ ಗೋದಲಿಯೇ ಅದರ ಮನೆಯಾಯಿತು. ಅಲ್ಲಿಂದ ಶುರುವಾಯಿತು ನೋಡು ಪಜೀತಿ.

ಮೊದಲ ಮದುವೆಗೆ ಬಂಡಿ ಹೂಡಿದ. ಬಳೆಗಾರನ ಮನೆಯ ಪಕ್ಕದಲ್ಲಿ ಕಮ್ಮಾರನ ಕುಲುಮೆ. ಅದರ ಆಚೆ, ಬೀದಿ ತಿರುಗುವ ಮೂಲೆಯಲ್ಲಿ ಗಾಣದ ಮನೆ. ಅದನ್ನು ದಾಟಿದರೆ ಊರ ಹೊರಗಿನ ದಾರಿ. ಎತ್ತು ಕುಲುಮೆಯ ಮುಂದೆ ಒಂದು ಕಾಲು ಎತ್ತಿಟ್ಟು ಯೋಚನೆ ಮಾಡಿತು. ಗಾಣದ ಮುಂದೆ ಇನ್ನೊಂದು ಕಾಲು ಎತ್ತಿಟ್ಟು ನಿಟ್ಟುಸಿರು ಬಿಟ್ಟಿತು. ದಾರಿಯುದ್ದಕ್ಕೂ ಅದೇ ಕತೆ. ಹೆಣದ ಹಿಂದೆ ಹೋಗುವವರು ಕೂಡ ಅದಕ್ಕಿಂತ ಬೇಗ ಹೋಗುತ್ತಾರೆ. ಮದುವೆ ಮನೆ ಮುಟ್ಟುವಷ್ಟರಲ್ಲಿ ಬೇರೆ ಊರಿನ ಬಳೆಗಾರನನ್ನು ಕರೆಸಿ, ಬಳೆ ತೊಡಿಸಿ, ಅರಿಶಿನವೂ ಆಗಿತ್ತು. ಮನೆಯ ಯಜಮಾನಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. ‘ಬರ್ರಿ, ಬರ್ರಿ! ಇನ್ನ ಕೂಸು ಹುಟ್ಟಿ ತೊಟ್ಟಲಾ ಹಾಕೂವಾಗ ಬರ್ತೀರೇನೋ ಅನ್ಕೊಂಡಿದ್ವಿ!’

ಅವತ್ತು ಮಣೆಯೂ ಇಲ್ಲ, ಹೋಳಿಗೆಯೂ ಇಲ್ಲ. ತುಂಬಿದ ಬಂಡಿ ತುಂಬಿದ ಹಾಗೆಯೇ ಹಿಂದಕ್ಕೆ ಹೊರಟಿತು.

“ಮಾಸ್ತರ,” ಎಂದು ಜಯಕರ ಬಾಯಿ ಹಾಕಿದ, “ಎತ್ತಿಗೂ ಮೈನರಿಗೂ ಏನ್ರಿ ಸಂಬಂಧ?”

“ಸುಮ್ಮನ ಕೂಡೋ ಮಾರಾಯ! ಎತ್ತು ಇನ್ನೂ ಗಾಣದ ಹತ್ರ ಬಂದಿಲ್ಲ, ನಿಂದೇನು ಅವಸರ?”

ಬರುವಾಗಲೂ ಮೊದಮೊದಲು ಎತ್ತು ತನ್ನ ಹಳೆಯ ಲಹರಿಯಲ್ಲೇ ಬಂದಿತು. ಹುಣಸೆಮರ ಬಂತು, ಹಳ್ಳ ಬಂತು, ಊರಿನ ಅಗಸೆ ಬಾಗಿಲು ಬಂತು. ಅದೇ ಹೆಜ್ಜೆ, ಅದೇ ನಿಟ್ಟುಸಿರು. ಗಾಣದ ಮೂಲೆ ತಿರುಗಿತು. ತಿರುಗಿದೊಡನೆ ಗೋದಲಿ ಕಂಡಿತು. ಅಷ್ಟೇ. ಗಾಣದಿಂದ ಕುಲುಮೆಗೆ ಒಂದೇ ನೆಗೆತ. ನಡುವಿನ ದಾರಿಯ ಮೇಲೆ ಬಂಡಿಯ ಗಾಲಿ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಎತ್ತು ಹೋಗಿ ಗೋದಲಿಯಲ್ಲಿ ಮೂತಿ ಇಟ್ಟಿತು. ಹಿಂದೆ ಬಂಡಿಯಲ್ಲಿ ಬಳೆಗಳು ಒಂದೂ ಉಳಿಯದಂತೆ ಛಳ್ಳೆಂದು ಒಡೆದವು.

ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವ ಪದ್ಧತಿ ಅಲ್ಲಿತ್ತು. ಸದ್ದು ಕೇಳಿದ್ದೇ ತಡ, ಓಣಿಯ ಹೆಂಗಸರು ಎದೆ ಬಡಿದುಕೊಳ್ಳುತ್ತ ಓಡಿ ಬಂದರು. ‘ಅಯ್ಯೋ ನನ್ನವ್ವಾ, ಎಂಥಾ ಮನಶ್ಯಾ ಹೋದನಲ್ಲೇ!’ ಎಂದು ಒಬ್ಬಳು ಬಳೆಗಾರನ ಹೆಂಡತಿಯನ್ನು ಅಪ್ಪಿಕೊಂಡು ಅತ್ತಳು. ಕಮ್ಮಾರ ಟವೆಲ್ಲನ್ನು ತಲೆಗೆ ಹಾಕಿಕೊಂಡು ಕಟ್ಟಿಗೆಯ ವಿಚಾರ ಶುರುಮಾಡಿದ. ಗಾಜಿನ ಚೂರುಗಳ ನಡುವಿನಿಂದ ಬಳೆಗಾರ ಎದ್ದು ಕೂತ. ‘ನಾ ಇನ್ನೂ ಅದೀನ್ರೋ’ ಅಂದ. ಹೆಂಡತಿ ಅವನನ್ನು ನೋಡಿದಳು, ಬಂಡಿಯನ್ನು ನೋಡಿದಳು. ‘ಇದ್ದೇನು ಮಾಡಿದ್ರಿ?’ ಅಂದಳು.

ಮರುದಿನ ಬೆಳಿಗ್ಗೆಯೇ ಅವನು ರೈತನ ಮನೆಗೆ ಹೋದ. ಗಾಣದ ಮುಂದೆ ಆದದ್ದನ್ನೆಲ್ಲ ಹೇಳಿ ಬಾಗಿಲಲ್ಲೇ ನಿಂತು ಕೂಗಾಡಿದ. ‘ನೀ ನನಗ ಎರಡು ಎತ್ತು ಮಾರೀದಿ! ಹೋಗುವಾಗ ಒಂದು, ಬರುವಾಗ ಒಂದು! ನಾ ಕೊಂಡದ್ದು ಒಂದೇ. ಇದರಾಗ ಖರೇದು ಯಾವುದು ಹೇಳು, ಇನ್ನೊಂದನ್ನ ನಿನ್ನ ಕೊಟ್ಟಿಗ್ಯಾಗ ಕಟ್ಟಿ ಹೋಗ್ತೀನಿ!’

ರೈತನಿಗೆ ನಗು ತಡೆಯಲಾಗಲಿಲ್ಲ. ‘ಎತ್ತು ಒಂದೇ ಸಾಹೇಬ್ರ, ಅದಕ್ಕ ಮನಿನೂ ಒಂದೇ. ಮನೀ ಕಂಡಮ್ಯಾಗ ಅದು ಓಡೂದೇ. ಅದನ್ನ ಆ ಬ್ರಹ್ಮ ಬಂದ್ರೂ ಹಿಡಿಯಾಂಗಿಲ್ಲ. ನೀವು ಗಾಣದ ತನಕ ಹಗ್ಗ ಬಿಗೀ ಹಿಡದು, ಅಲ್ಲಿ ಒಮ್ಮಿಗೇ ಬಿಡ್ತೀರಿ. ಅದು ಜಿಗೀತೈತಿ. ಗಾಣ ಇನ್ನೂ ಮುಂದ ಇರೂವಾಗೇ ಹಗ್ಗ ಸಡಲ ಮಾಡ್ರಿ. ಗಾಣದಾಗೂ ಚುರುಕು, ಕುಲಿಮ್ಯಾಗೂ ಚುರುಕು. ಜಿಗಿಯಾಕ ಜಾಗಾನ ಉಳಿಯಾಂಗಿಲ್ಲ.’

ಬಳೆಗಾರ ನಂಬಲಿಲ್ಲ. ಆದರೂ ಮಾಡಿ ನೋಡಿದ. ಬಂಡಿಯಲ್ಲಿ ಒಡೆದ ಬಳೆಗಳನ್ನೇ ತುಂಬಿಕೊಂಡು ಊರ ಹೊರಗೆ ಹೋಗಿ ಬಂದ. ಗಾಣ ಮುಟ್ಟುವ ಮೊದಲೇ ಹಗ್ಗ ಸಡಿಲಿಸಿದ. ಎತ್ತಿನ ಹೆಜ್ಜೆ ಗಾಣದ ಮುಂದೆ ಚುರುಕಾಯಿತು, ಕುಲುಮೆಯ ಮುಂದೆಯೂ ಹಾಗೆಯೇ ಚುರುಕಾಗಿತ್ತು. ನೆಗೆಯದೆ, ಕುಲುಕದೆ, ಜಾರಿಕೊಂಡು ಬಂದಂತೆ ಮನೆಗೆ ಬಂದಿತು. ಚೂರುಗಳು ಮತ್ತೆ ಚೂರಾಗಲಿಲ್ಲ. ಬಳೆಗಾರನಿಗೆ ಆದ ಆನಂದ ಅಷ್ಟಿಷ್ಟಲ್ಲ. ಎತ್ತಿನ ಗುಟ್ಟು ಕೈಗೆ ಸಿಕ್ಕಿತು ಎಂದು ಓಣಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ.

ಅಷ್ಟರಲ್ಲಿ ಗೌಡರ ಮನೆಯ ಮದುವೆ ಬಂದಿತು. ಆಳು ಬಂದು ಹೇಳಿ ಹೋದ. ಈ ಸಲವೂ ತಡವಾದರೆ, ಇಲ್ಲವೇ ಒಡೆದ ಬಳೆ ತಂದರೆ, ನಮ್ಮ ಊರಿನ ಯಾವ ಮನೆಯಲ್ಲೂ ನಿಮಗೆ ಇನ್ನು ಮಣೆ ಇಲ್ಲ ಅಂತ ಗೌಡಸಾನಿ ಹೇಳಿದ್ದಾರೆ. ಒಂದು ಊರು ಬಾಗಿಲು ಹಾಕಿದರೆ ಉಳಿದ ಊರುಗಳೂ ಹಾಕುತ್ತವೆ. ಮತ್ತೆ ಮಲಾರ ಹೊರಲು ಮೊಣಕಾಲಿಲ್ಲ. ಇದ್ದಬದ್ದದ್ದೆಲ್ಲ ಹಾಕಿ ಹೊಸ ಹಸಿರು ಬಳೆ ತರಿಸಿದ. ಮದುವೆಯ ದಿನ ಭಯಕ್ಕೇ ನಸುಕಿನಲ್ಲಿ ಎದ್ದು ಬಂಡಿ ಹೂಡಿದ.

ಈಗ ಅವನ ಬುದ್ಧಿ ನೋಡು. ಬರುವಾಗ ಕುಲುಮೆಯ ಹತ್ತಿರ, ಗಾಣದ ಹತ್ತಿರ ಹಗ್ಗ ಸಡಿಲಿಸಿದರೆ ಎತ್ತು ಚುರುಕಾಗುತ್ತದೆ. ಹೋಗುವಾಗಲೂ ಅಲ್ಲೇ ಸಡಿಲಿಸಿದರೆ ಹೋಗುವಾಗಲೂ ಚುರುಕಾಗಬೇಕಲ್ಲ! ನಿನ್ನ ಹಾಗೆಯೇ ಲೆಕ್ಕದ ಮನುಷ್ಯ. ಒಂದು ನಿಯಮ ಅಂದಮೇಲೆ ಹೋಗುವುದಕ್ಕೂ ಬರುವುದಕ್ಕೂ ಒಂದೇ ಇರಬೇಕು ಎಂದುಕೊಂಡ. ಕುಲುಮೆಯ ಮುಂದೆ ಹಗ್ಗ ಸಡಿಲಿಸಿದ. ಎತ್ತು ಕಿವಿ ನಿಮಿರಿಸಿತು. ಗಾಣದ ಮುಂದೆ ಇನ್ನಷ್ಟು ಸಡಿಲಿಸಿ ನಾಲಿಗೆಯಿಂದ ಲೊಚಗುಟ್ಟಿದ. ಗಾಣ, ಕುಲುಮೆ, ಸಡಿಲ ಹಗ್ಗ, ಇನ್ನೇನು ಮನೆ ಬಂತು ಎಂದು ಎತ್ತಿಗೆ ಖಾತ್ರಿಯಾಯಿತು. ಗಾಣದ ಅಂಗಳದಲ್ಲಿ ಬಂಡಿಸಮೇತ ಒಂದು ಸುತ್ತು ತಿರುಗಿ, ಬಳೆಗಾರ ಬೇಡ ಬೇಡ ಅನ್ನುತ್ತಿದ್ದ ಹಾಗೆಯೇ ಅವನನ್ನು ತಂದು ಗೋದಲಿಯ ಮುಂದೆ ನಿಲ್ಲಿಸಿತು.

ಬಾಗಿಲು ಸಾರಿಸುತ್ತಿದ್ದ ಹೆಂಡತಿ ತಲೆಯೆತ್ತಿದಳು. ‘ಮದವಿ ಮುಗೀತೇನ್ರಿ, ಇಷ್ಟ ಲಗೂನ?’

ಬಳೆಗಾರ ಹಲ್ಲು ಕಚ್ಚಿ ಮತ್ತೆ ಹೊರಟ. ಮತ್ತೆ ಅದೇ ಕುಲುಮೆ, ಅದೇ ಗಾಣ, ಅದೇ ಸುತ್ತು. ಕಮ್ಮಾರ ಕೆಲಸ ಬಿಟ್ಟು ನೋಡತೊಡಗಿದ. ಮೂರನೆಯ ಸಲ ಬಂದು ನಿಂತಾಗ ಬಳೆಗಾರನ ಕಣ್ಣಲ್ಲಿ ನೀರು ತುಂಬಿತ್ತು. ‘ಇನ್ನ ನಮ್ಮ ಕಸಬು ಮುಗೀತಲೇ’ ಅಂದ. ಆಗ ಹೆಂಡತಿ ಸಾರಣೆಯ ಕೈಯಲ್ಲೇ ಎದ್ದು ಬಂದು ಬಂಡಿ ಹಿಡಿದುಕೊಂಡಳು.

‘ಅದಕ್ಕ ಮನೀ ಬಿಟ್ಟು ಹೋಗಾಕ ಬ್ಯಾಸರ ಐತ್ರೀ. ಬ್ಯಾಸರ ಆದ್ರ ಆಗವಲ್ದ್ಯಾಕ. ಹಗ್ಗ ಬಿಗೀ ಹಿಡೀರಿ, ಅದು ಉಸ್ ಅಂತ ಹೆಂಗ ಹೊಕ್ಕೈತಿ ಹಂಗ ಹೋಗ್ಲಿ. ನೀವು ಇಲ್ಲೇ ಗಿರಕೀ ಹೊಡದ ಹೊತ್ತಿನ್ಯಾಗ ಅರ್ಧಾ ದಾರಿ ಮುಟ್ಟತಿದ್ರಿ!’

ಬಳೆಗಾರ ಹಾಗೆಯೇ ಮಾಡಿದ. ಎತ್ತು ಕುಲುಮೆಯ ಮುಂದೆ ಯೋಚನೆ ಮಾಡಿತು, ಗಾಣದ ಮುಂದೆ ನಿಟ್ಟುಸಿರು ಬಿಟ್ಟಿತು, ಆದರೆ ಹೋಯಿತು. ಗೌಡರ ಮನೆಯ ಅಂಗಳಕ್ಕೆ ಬಂಡಿ ಬಂದಾಗ ಬಟ್ಟಲಲ್ಲಿ ಅರಿಶಿನ ಕಲಸಿಯಾಗಿತ್ತು. ಬೇರೆ ಊರಿನ ಬಳೆಗಾರ ಮಣೆಯ ಮೇಲೆ ಕೂತು ಮದುಮಗಳ ಕೈ ಹಿಡಿದಿದ್ದ. ಅವನ ಕೈ ಒರಟು, ಆ ಹುಡುಗಿ ಆಗಲೇ ‘ಅವ್ವಾ’ ಅಂದಿದ್ದಳು. ನಮ್ಮವನನ್ನು ನೋಡಿದ್ದೇ ತಡ, ಕೈ ಕಿತ್ತುಕೊಂಡು, ‘ಬಂದ್ರು ನೋಡ್ರೀ!’ ಎಂದು ಕೂಗಿದಳು. ಗೌಡಸಾನಿ ಬಂಡಿಯಲ್ಲಿ ಕೈಯಾಡಿಸಿದಳು. ಒಂದು ಬಳೆಯೂ ಬಿರುಕು ಬಿಟ್ಟಿರಲಿಲ್ಲ. ‘ಹೂಂ, ಕೂಡ್ರಿ’ ಅಂದಳು.

ಸಂಜೆ ಹಿಂದಕ್ಕೆ ಬರುವಾಗ ಬಂಡಿಯಲ್ಲಿ ಬಳೆ ಇರಲಿಲ್ಲ, ಹೋಳಿಗೆ ಇತ್ತು. ಗಾಣ ಮುಟ್ಟುವ ಮೊದಲೇ ಬಳೆಗಾರ ಹಗ್ಗ ಸಡಿಲಿಸಿದ. ಹೋಳಿಗೆಯೂ ಮುರಿಯಲಿಲ್ಲ.

ಮಾಸ್ತರು ಕತೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಜಯಕರ ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿದ. ಅವನ ಲೆಕ್ಕ ಕೂಡಿ ಬಂದಿತು.

“ತಿಳೀತ್ರಿ ಮಾಸ್ತರ! ಗಾಣ ಅಂದ್ರ ಧ, ಕುಲುಮಿ ಅಂದ್ರ ನಿ, ಗೋದಲಿ ಅಂದ್ರ ಮ್ಯಾಲಿನ ಸ. ಎತ್ತು ಬ್ಯಾಸರಲೇ ನಡದ್ರ ನ್ಯಾಚುರಲ್. ಮನೀ ಕಂಡು ಜಿಗದ್ರ ಹಾರ್ಮೋನಿಕ್. ಜಿಗಿಯೂದು ಬ್ಯಾಡ ಅಂತ ಗಾಣದಾಗೂ ಚುರುಕು ಮಾಡಿದ್ರ ಮೆಲೋಡಿಕ್. ಮತ್ತ ಮನೀ ಬಿಟ್ಟು ಇಳದು ಹೋಗುವಾಗ ಚುರುಕಿನ ಕೆಲಸಾನ ಇಲ್ಲ, ಅದಕ್ಕ ಎರಡೂ ತಗ್ಗತಾವ. ಎತ್ತು ಒಂದೇ, ಮೂರೂ ಖರೇವ!”

“ಸೊನ್ನಿ ವಾಪಸ್ ತಗೋ ಹಂಗಾರ” ಅಂದರು ಮಾಸ್ತರು. ಅವರ ಮುಖದ ಮೇಲೆ ನಗು ಬಂದಿತ್ತು.

ಜಯಕರನಿಗೆ ಧೈರ್ಯ ಬಂದಿತು. ಪಿಟೀಲು ಎತ್ತಿಕೊಂಡು ಮೂರನ್ನೂ ನುಡಿಸಿ ತೋರಿಸಿದ. ಎಲ್ಲಿ ಏರಬೇಕೋ ಅಲ್ಲಿ ಏರಿದ, ಎಲ್ಲಿ ತಗ್ಗಬೇಕೋ ಅಲ್ಲಿ ತಗ್ಗಿದ. ಒಂದು ಸ್ವರವೂ ತಪ್ಪಲಿಲ್ಲ. ಮಾಸ್ತರ ಮುಖದ ನಗು ಮೆಲ್ಲಗೆ ಹೋಯಿತು. ಅವರು ಹೂಂ ಅನ್ನಲಿಲ್ಲ.

ಜಯಕರ ಗಡಿಯಾರ ನೋಡಿದ. ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಅರ್ಧ ಎದ್ದ. ಅವನ ದನಿಯಲ್ಲಿ ಸಿಟ್ಟೂ ಇತ್ತು, ಸಂಕಟವೂ ಇತ್ತು. “ಎಲ್ಲಾ ಬರೋಬ್ಬರಿ ಅದ ಮಾಸ್ತರ. ನೀವು ಹೇಳಿದಂಗೇ ಧ, ನಿ ಏರಿಸೇನಿ. ಆದ್ರೂ ನನ್ನ ಹಾಡು ಯಾಕ ಮನೀ ಮುಟ್ಟೂದಿಲ್ಲ?”

ಮಾಸ್ತರು ಈ ಸಲ ಬಯ್ಯಲಿಲ್ಲ. ಪುಸ್ತಕದ ಕನ್ನಡದಲ್ಲೇ ಮೆಲ್ಲಗೆ ಹೇಳಿದರು.

“ಹೊಸ್ತಿಲಿಗೆ ಹೋಗಿ, ನಿನ್ನ ಚಪ್ಪಲಿಗಳು ಯಾವ ಕಡೆಗೆ ಮುಖ ಮಾಡಿ ನಿಂತಿವೆ, ನೋಡಿಕೊಂಡು ಬಾ.”

ಜಯಕರ ಹೋಗಿ ನೋಡಿದ. ಬೀದಿಗೆ ಮುಖ ಮಾಡಿದ್ದ ಅವುಗಳನ್ನು ಬಗ್ಗಿ ಮನೆಯ ಕಡೆಗೆ ತಿರುಗಿಸಿಟ್ಟು, ಒಳಗೆ ಬಂದು ಪಿಟೀಲಿನ ಪೆಟ್ಟಿಗೆ ಮತ್ತೆ ತೆರೆದ.